ಹರಕೆಯ ಹುಂಜಕ್ಕೆ ಐದು ಔಷಧ

೧೭ ಜೂನ್ ೧೯೩೧. ನನ್ನ ಹಳೆಯ ಡೈರಿಯ ಆ ಪುಟದಲ್ಲಿ ಇಷ್ಟೇ ಇದೆ: "ಮಧ್ಯಾಹ್ನ ಹದ್ದು ಹುಂಜವನ್ನು ಎತ್ತಿತು. ಮಾಳಿಗೆಯ ಅಂಚಿನ ತನಕ ಒಯ್ದು, ಭಾರ ತಾಳದೆ ಬಿಟ್ಟಿತು. ಎಡ ರೆಕ್ಕೆಯ ಬುಡದಿಂದ ಬೆನ್ನಿನ ಕಡೆಗೆ ಗಾಯ, ಉದ್ದ ಮೂರು ಬೆರಳು. ಅತ್ತೆ ಊಟ ಮಾಡಲಿಲ್ಲ."

ಕೋಳಿ ಸಾಕಿದ ಮನೆಗಳಲ್ಲಿ ಇಂಥದು ನಡೆಯುತ್ತಲೇ ಇರುತ್ತದೆ. ಬರೆದಿಡುವವರು ಇರುವುದಿಲ್ಲ, ಅಷ್ಟೇ. ನಮ್ಮ ಮನೆಯಲ್ಲಿ ನಾನಿದ್ದೆ.

ನಾನು ಸೊಲ್ಲಾಪುರದ ಹತ್ತಿ ವ್ಯಾಪಾರಿಯ ಮಗಳು. ಪುಣೆಯ ಕಾಲೇಜಿನಲ್ಲಿ ಬಿ.ಎ. ಮಾಡಿ ಅಕ್ಕಲಕೋಟದ ಕಡೆ ಚಪಳಗಾಂವದ ಒಂದು ದೊಡ್ಡ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದೆ. ಬರುವಾಗ ತಂದ ಟ್ರಂಕಿನಲ್ಲಿ ಸೀರೆಗಳಿಗಿಂತ ವಹಿಗಳೇ ಹೆಚ್ಚಿದ್ದವು. ಯಾವ ಆಕಳು ಯಾವಾಗ ಗಬ್ಬ ಕಟ್ಟಿತು, ಯಾವ ಕೋಳಿ ಎಷ್ಟು ಮೊಟ್ಟೆಯಿಟ್ಟಿತು, ಎಲ್ಲವನ್ನೂ ಬರೆಯುತ್ತಿದ್ದೆ. ಈ ಮನೆಯಲ್ಲಿ ನನಗಿಂತ ಮೊದಲು ಯಾರೂ ಬರೆದಿರಲಿಲ್ಲ. ಈಗ ನಾನೇ ಈ ಮನೆಯ ಹಿರಿಯಳು. ನನ್ನ ಸೊಸೆಯಂದಿರಿಗೆ ಈ ವಹಿಗಳ ಮೇಲೆ ಅಷ್ಟು ಭಕ್ತಿ ಇಲ್ಲದ್ದರಿಂದ ಇದನ್ನು ನಾನೇ ತೆಗೆದು ಹೇಳಬೇಕಾಗಿದೆ.

ಮೊದಲು ಹುಂಜದ ವಿಷಯ. ನನಗೆ ಎರಡು ಕೂಸುಗಳು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋದವು. ಮೂರನೆಯದು ಹೆಣ್ಣು ಕೂಸು, ಶೀಗಿ ಹುಣ್ಣಿಮೆಯ ಮುಂದೆ ಹುಟ್ಟಿತು. ಅದೇ ವಾರ ನಮ್ಮ ಹಿತ್ತಲಲ್ಲಿ ಮೊಟ್ಟೆಯೊಡೆದ ಮರಿಗಳಲ್ಲಿ ಒಂದು ಕೆಂಪು ಹುಂಜದ ಮರಿ ಇತ್ತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಊರ ಹೊರಗಿನ ತಾಯಿಗೆ ಹರಕೆ ಹೊತ್ತರು: ಕೂಸಿಗೆ ವರ್ಷ ತುಂಬಿದರೆ ಈ ಹುಂಜ ನಿನ್ನದು. ಹೀಗೆ ತಾಯಿಯ ಹೆಸರು ಹಿಡಿದು ಬಿಟ್ಟ ಹುಂಜಕ್ಕೆ ಬದಲಿ ಇಲ್ಲ. ಪೇಟೆಯಿಂದ ಬೇರೊಂದು ತರುವ ಹಾಗಿಲ್ಲ. ಅಲ್ಲದೆ ಅದು ಊನ ಇಲ್ಲದ್ದಾಗಿರಬೇಕು. ಕಾಲು, ಕಣ್ಣು, ಜುಟ್ಟು ನೆಟ್ಟಗಿರಬೇಕು, ಮೈತುಂಬ ಪುಕ್ಕ ಇರಬೇಕು. ಗಾಯದ ಹುಂಜವನ್ನು ಒಯ್ದರೆ ಗಾಯದ ಕೂಸನ್ನು ಕೇಳಿದ ಹಾಗೆ ಎಂದು ಅತ್ತೆ ನಂಬಿದ್ದರು.

ನಾನು ನಂಬಿರಲಿಲ್ಲ. ಡೈರಿಯಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದಿದ್ದೇನೆ. ಅದರ ಕೆಳಗೇ, ಅದೇ ದಿನ ಐದು ಸಲ ಹೋಗಿ ಹುಂಜದ ಗಾಯ ನೋಡಿ ಬಂದೆ ಎಂದೂ ಬರೆದಿದ್ದೇನೆ. ಶೀಗಿ ಹುಣ್ಣಿಮೆಗೆ ನಾಲ್ಕು ತಿಂಗಳು ಉಳಿದಿತ್ತು.

೧. ಬುಟ್ಟಿಯ ಕೆಳಗಿನ ರೋಗಿ

ಮರುದಿನವೇ ಸೊಲ್ಲಾಪುರಕ್ಕೆ ಹೋದೆ. ತವರು ಅಲ್ಲೇ ಇದ್ದುದರಿಂದ ನೆಪ ಹುಡುಕಬೇಕಾಗಲಿಲ್ಲ. ಔಷಧದ ಅಂಗಡಿಯಲ್ಲಿ ನನ್ನ ಹಿಂದೆ ನಾಲ್ಕೈದು ಹೆಂಗಸರು ನಿಂತಿದ್ದರು. ಎಲ್ಲರೂ ನಮ್ಮಪ್ಪನನ್ನು ಬಲ್ಲ ವ್ಯಾಪಾರಿಗಳ ಮನೆಯವರು, ಮಡಿವಂತರು. ಅವರ ಮುಂದೆ ಕೋಳಿಯ ಹೆಸರೆತ್ತಲು ಬಾಯಿ ಬರಲಿಲ್ಲ. ಸುಳ್ಳನ್ನಂತೂ ಹೇಳುವವಳಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರಾಯಿತು ಎಂದುಕೊಂಡೆ.

ಅಂಗಡಿಯಲ್ಲಿ ಮಾತೆಲ್ಲ ಮರಾಠಿ. ಕಂಪೌಂಡರು ಮೊದಲು ರೋಗಿಯ ವಯಸ್ಸು ಕೇಳಿದ. ಎಂಟು ತಿಂಗಳು ಎಂದೆ. ಗಾಯ ಹೇಗಾಯಿತು ಎಂದು ಕೇಳಿದ. ಮಾಳಿಗೆಯಿಂದ ಬಿದ್ದು ಎಂದೆ. ಅವನು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟ. ಬಹಳ ಅಳುತ್ತದೆಯೇ ಎಂದ. ಅಳುವುದಿಲ್ಲ, ಇವತ್ತು ಬೆಳಗಿನ ಜಾವ ಎಂದಿನಂತೆ ಕೂಗಿತು ಎಂದೆ. ಈಗ ಯಾರ ಹತ್ತಿರ ಇದೆ ಎಂದು ಕೇಳಿದ. ಯಾರ ಹತ್ತಿರವೂ ಇಲ್ಲ, ಬುಟ್ಟಿ ಬೋರಲು ಹಾಕಿ ಮುಚ್ಚಿಟ್ಟು ಮೇಲೆ ಕಲ್ಲು ಹೇರಿ ಬಂದಿದ್ದೇನೆ, ಇಲ್ಲದಿದ್ದರೆ ಮನೆಯಲ್ಲಿ ಉಳಿದವರು ಬಿಡುವುದಿಲ್ಲ ಎಂದೆ.

ಹಿಂದಿನ ಹೆಂಗಸರು ಒಂದೊಂದು ಹೆಜ್ಜೆ ಮುಂದೆ ಬಂದಿದ್ದರು. ಕಂಪೌಂಡರು ಕನ್ನಡಕ ತೆಗೆದು, "ಬಾಈ, ಆಧೀ ಪೋಲಿಸಾಂಕಡೇ ಜಾ" ಎಂದ. ಮೊದಲು ಪೊಲೀಸರ ಹತ್ತಿರ ಹೋಗಿ ಬಾ ಎಂದು.

ಆಗ ಹೇಳಲೇಬೇಕಾಯಿತು. ಹೇಳಿದೆ. ಅವನು ಕನ್ನಡಕ ಮತ್ತೆ ಹಾಕಿಕೊಂಡು, ಒಂದು ಸಣ್ಣ ಸೀಸೆಯಲ್ಲಿ ಗಾಯದ ಕೆಂಪು ಔಷಧ ತುಂಬಿಕೊಟ್ಟ. ಸೀಸೆಯ ಚೀಟಿಯಲ್ಲಿ ರೋಗಿಯ ಹೆಸರು ಬರೆಯುವುದು ಅಂಗಡಿಯ ನಿಯಮವಂತೆ, ಕೋಳಿಗೆ ಹೆಸರಿಲ್ಲವಾದ್ದರಿಂದ ನಮ್ಮ ಯಜಮಾನರ ಹೆಸರು ಬರೆದ. ರಾತ್ರಿ ಅವರು ಲಾಟೀನಿನ ಬೆಳಕಿಗೆ ಹಿಡಿದು ಓದಿದರು. ತಮ್ಮ ಪೂರ್ಣ ಹೆಸರು, ಅದರ ಕೆಳಗೆ, "ದಿನಕ್ಕೆ ಎರಡು ಸಲ, ರೆಕ್ಕೆ ಎತ್ತಿ ಹಚ್ಚತಕ್ಕದ್ದು."

೨. ಒಗ್ಗರಣೆ

ಕೆಂಪು ಔಷಧ ಬಹಳ ಚಂದದ ಕೆಂಪು. ಗಾಯಕ್ಕೆ ಹಚ್ಚಿ, ಆರಲು ಬಿಟ್ಟು, ಗಾಳಿಯಾಡಲಿ ಎಂದು ಹುಂಜವನ್ನು ಹಿತ್ತಲಿಗೆ ಬಿಟ್ಟೆ. ಅತ್ತೆ ಕಟ್ಟೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ನೋಡುತ್ತಿದ್ದರು.

ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕುವ ಚಟ. ರಕ್ತ ಕಂಡರೆ ಕುಕ್ಕುತ್ತವೆ, ರಕ್ತದ ಬಣ್ಣದ್ದು ಏನು ಕಂಡರೂ ಕುಕ್ಕುತ್ತವೆ. ಇದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಹಿತ್ತಲಲ್ಲಿ ಚದುರಿ ಮೇಯುತ್ತಿದ್ದ ಆರು ಹೇಂಟೆಗಳು ಒಮ್ಮೆಲೇ ತಲೆಯೆತ್ತಿದವು. ಒಂದು ಓಡಿ ಬಂತು, ಉಳಿದ ಐದು ಅದರ ಹಿಂದೆ. ನಾನು ಕಸಬಾರಿಗೆ ಹಿಡಿದು ಓಡುವಷ್ಟರಲ್ಲಿ ಮೂರು ಬೆರಳಿದ್ದ ಗಾಯ ನಾಲ್ಕು ಬೆರಳಾಗಿತ್ತು.

ಅತ್ತೆ ಕೂತಲ್ಲಿಂದಲೇ ಕೇಳಿದರು. "ಯವ್ವಾ, ಅದಕ ಔಷಧ ಹಚ್ಚೀಯೋ, ಒಗ್ಗರಣಿ ಹಾಕೀಯೋ?"

೩. ಹಿತ್ತಲಿನ ನಿಧಿ

ಮೂರನೆಯ ದಿನ ಯಜಮಾನರು ಅಕ್ಕಲಕೋಟದಲ್ಲಿ ಕುದುರೆ ಇಟ್ಟುಕೊಂಡಿದ್ದ ಸ್ನೇಹಿತರೊಬ್ಬರಿಂದ ಕಾರ್ಬಾಲಿಕ್ ಮುಲಾಮಿನ ಡಬ್ಬಿ ತಂದರು. ಕುದುರೆಯ ಬೆನ್ನಿಗೆ ಜೀನು ಉಜ್ಜಿ ಆದ ಹುಣ್ಣುಗಳು ಅದರಿಂದ ವಾರದಲ್ಲಿ ಮಾಯುತ್ತವೆ ಎಂದರು. ಈ ಸಲ ನಾನು ಅವಸರ ಮಾಡಲಿಲ್ಲ. ಹರಕೆಯ ಹುಂಜಕ್ಕೆ ಹಚ್ಚುವ ಮೊದಲು ಬೇರೊಂದರ ಮೇಲೆ ಪರೀಕ್ಷಿಸಬೇಕು ಎಂದೆ. ಜಾಲಿಯ ಮುಳ್ಳು ತಾಗಿ ಎದೆಯ ಮೇಲೆ ಸಣ್ಣ ಗೀರು ಆಗಿದ್ದ ಒಂದು ಕರಿ ಹೇಂಟೆ ಇತ್ತು. ನನ್ನ ವಹಿಯ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಮೊಟ್ಟೆಯಿಡುತ್ತಿದ್ದದ್ದು ಅದೇ. ಅದಕ್ಕೆ ಕಡಲೆಕಾಳಿನಷ್ಟು ಮುಲಾಮು ಹಚ್ಚಿ, ಬೇರೆ ಬುಟ್ಟಿಯಲ್ಲಿ ಮುಚ್ಚಿದೆ.

ಅದು ಮುಲಾಮನ್ನು ಇಷ್ಟಿಷ್ಟೇ ಕೊಕ್ಕಿನಿಂದ ತೆಗೆದು ಪುಕ್ಕ ಸ್ವಚ್ಛ ಮಾಡಿಕೊಂಡಿತು. ಎರಡನೆಯ ದಿನ ಮೂಲೆಯಲ್ಲಿ ಕುತ್ತಿಗೆ ಒಳಗೆಳೆದು ಕೂತಿತು. ಮೂರನೆಯ ದಿನ ಮುಂಜಾನೆ ಸತ್ತಿತ್ತು. ವಹಿಯಲ್ಲಿ ಬರೆದೆ: "ಪರೀಕ್ಷೆ ಸರಿಯಾಗಿ ನಡೆಯಿತು. ಕೋಳಿ ಉಳಿಯಲಿಲ್ಲ. ಕೋಳಿಗೆ ಹಚ್ಚಿದ್ದೆಲ್ಲ ಕೋಳಿಯ ಹೊಟ್ಟೆಗೆ ಹೋಗುತ್ತದೆ. ತಿನ್ನಬಾರದ್ದನ್ನು ಹಚ್ಚಬಾರದು." ಈ ಮಾತನ್ನು ನಾನು ಇವತ್ತಿಗೂ ಕೋಳಿ ಸಾಕುವವರಿಗೆಲ್ಲ ಹೇಳುತ್ತೇನೆ. ಕಲಿತದ್ದು ಆ ಕರಿ ಹೇಂಟೆಯಿಂದ.

ಔಷಧದಿಂದ ಸತ್ತದ್ದನ್ನು ಅಡಿಗೆಗೆ ತರಬಾರದೆಂದು ಹೇಳಿ, ಸಂಜೆ ನಾನೇ ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಬಣವೆಯ ಹಿಂದೆ ಹುಗಿದು, ನಾಯಿ ತೋಡದಿರಲೆಂದು ಮೇಲೆ ಕಲ್ಲಿಟ್ಟೆ. ನಮ್ಮ ಕಡೆ ಕೋಳಿಯನ್ನು ಯಾರೂ ಹುಗಿಯುವುದಿಲ್ಲ. ಸೊಲ್ಲಾಪುರದ ಶ್ರೀಮಂತರ ಮಗಳು ಸಂಜೆಯ ಹೊತ್ತು ಒಬ್ಬಳೇ ಬಟ್ಟೆಯಲ್ಲಿ ಏನನ್ನೋ ಸುತ್ತಿ ನೆಲದಲ್ಲಿಟ್ಟು ಕಲ್ಲು ಮುಚ್ಚಿದ್ದನ್ನು ಯಾರೋ ನೋಡಿದ್ದಾರೆ. ಎರಡು ದಿನ ಬಿಟ್ಟು ನೋಡಿದರೆ ಕಲ್ಲು ಆಚೆಗೆ ಬಿದ್ದಿತ್ತು, ಸಲಿಕೆಯಿಂದ ತೋಡಿದ ಗುಣಿ ಇತ್ತು. ಯಾರೆಂದು ನಾನು ವಿಚಾರಿಸಲಿಲ್ಲ. ಆದರೆ ನಮ್ಮ ಓಣಿಯ ಒಬ್ಬ ಮರ್ಯಾದಸ್ಥರು ಮುಂದೆ ಒಂದು ತಿಂಗಳು ನನ್ನನ್ನು ಕಂಡ ಕೂಡಲೇ ರುಮಾಲಿನ ತುದಿಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು.

೪. ತುಪ್ಪದ ಪಾಲು

ಇನ್ನು ತಮ್ಮ ಸರದಿ ಎಂದರು ಅತ್ತೆ. ಮನೆಯ ತುಪ್ಪಕ್ಕೆ ಅರಿಷಿಣ ಕಲಸಿ ಹಚ್ಚಿದರು. ತಿಂದರೂ ಅಪಾಯವಿಲ್ಲದ್ದು, ಹಾಗಾಗಿ ನಾನು ಅಡ್ಡ ಬರಲಿಲ್ಲ. ಮುಂಜಾನೆ ಬುಟ್ಟಿ ಎತ್ತಿದರೆ ಹುಂಜದ ಮೇಲೆ ಇರುವೆಗಳ ಸಾಲು. ಬುಟ್ಟಿಯ ಅಡಿಯಿಂದ ಹತ್ತಿ ರೆಕ್ಕೆಯ ಕೆಳಗೆ ಹೋಗಿ ಅಲ್ಲಿಂದ ಹೊರಗೆ, ಯಾತ್ರೆಗೆ ಹೊರಟ ದಿಂಡಿಯ ಸಾಲಿನಂತೆ ಶಿಸ್ತಾಗಿ ನಡೆದಿದ್ದವು. ಹುಂಜ ಒಂಟಿಗಾಲಲ್ಲಿ ನಿಂತಿತ್ತು.

ಅತ್ತೆ ಸೋಲುವವರಲ್ಲ. ಹಾಲಿನ ಕಪಾಟಿನ ನಾಲ್ಕು ಕಾಲಿಗೆ ಇರುವೆ ಬಾರದಿರಲೆಂದು ನೀರಿನ ಬಟ್ಟಲು ಇಟ್ಟಿದ್ದೆವು. ಕಪಾಟಿನಿಂದ ಹಾಲು, ಬೆಣ್ಣೆ, ಮೊಸರು ಎಲ್ಲ ಹೊರಗೆ ಬಂತು. ಹುಂಜ ಒಳಗೆ ಹೋಯಿತು. ದಿನಕ್ಕೆರಡು ಸಲ ಕಪಾಟಿನ ಬಾಗಿಲು ತೆರೆದು ತುಪ್ಪ ಹಚ್ಚುವರು. ಹಚ್ಚಿದ ತುಪ್ಪವನ್ನು ಅದು ತಿನ್ನುವುದು. ಮತ್ತೆ ಹಚ್ಚುವರು. ಇತ್ತ ಇರುವೆಗಳು ಹೊರಗಿಟ್ಟ ಬೆಣ್ಣೆಗೆ ಬಂದವು.

ನಾಲ್ಕನೆಯ ದಿನ ಯಜಮಾನರು ಊಟಕ್ಕೆ ಕೂತು ರೊಟ್ಟಿಯ ಮೇಲೆ ತುಪ್ಪ ಕೇಳಿದರು. ಮುಗಿದಿದೆ ಎಂದೆ. ಅವರು ಎದುರಿಗಿದ್ದ ಕಪಾಟಿನ ಕಡೆ ನೋಡಿದರು. ಜಾಲರಿಯ ಒಳಗಿನಿಂದ ಹುಂಜವೂ ಅವರನ್ನು ನೋಡಿತು.

"ಯವ್ವಾ," ಎಂದರು ತಾಯಿಗೆ, "ನನ್ನೂ ಒಮ್ಮಿ ಮಾಳಗಿ ಮ್ಯಾಲಿಂದ ಒಗದ ನೋಡು."

ಅತ್ತೆ ನಗಲಿಲ್ಲ. ಗಾಯದ ಅಂಚು ಕೀವು ಕಟ್ಟಿ ಬೆಳ್ಳಗಾಗುತ್ತಿತ್ತು. ಮಳೆ ಹಿಡಿದಿತ್ತು, ನೊಣ ಎದ್ದಿದ್ದವು. ನೊಣ ಕೂತರೆ ಹುಳ ಬೀಳುತ್ತದೆ, ಹುಳ ಬಿದ್ದರೆ ಕೋಳಿ ಉಳಿಯುವುದಿಲ್ಲ. ಆ ವಾರ ಕೂಸಿಗೂ ಸಣ್ಣಗೆ ಜ್ವರ ಬಂತು. ಮಳೆಗಾಲದಲ್ಲಿ ಊರಿನ ಎಲ್ಲ ಕೂಸುಗಳಿಗೂ ಬಂದ ಜ್ವರ ಅದು. ಹಾಗೆಂದು ನಾನೇ ಹೇಳಿದೆ. ಅತ್ತೆ ಕೂಸಿನ ಹಣೆ ಮುಟ್ಟಿ ನೋಡುವರು, ಎದ್ದು ಹೋಗಿ ಕಪಾಟಿನ ಬಾಗಿಲು ತೆರೆದು ಹುಂಜದ ಗಾಯ ನೋಡುವರು, ಮತ್ತೆ ಬಂದು ಹಣೆ ಮುಟ್ಟುವರು. ನಾನೂ ಅವರ ಹಿಂದೆ ಹಿಂದೆ ಹೋಗಿ ನೋಡಿ ಬರುತ್ತಿದ್ದೆ. ಕೂಸಿನ ಜ್ವರ ಮೂರನೆಯ ದಿನ ಇಳಿಯಿತು. ಗಾಯ ಹಾಗೇ ಇತ್ತು.

೫. ಕೂಸಿನ ಕಾಡಿಗೆ

ನಮ್ಮ ಗಾಡಿ ಹೊಡೆಯುವ ಮುದುಕ ಗಾಡಿಯ ಅಚ್ಚಿಗೆ ಹಾಕುವ ಕರಿ ವಂಗಣವನ್ನು ಹಾಳೆಯಲ್ಲಿ ಹಿಡಿದು ಬಂದ. ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾದರೆ ಇಪ್ಪತ್ತು ವರ್ಷದಿಂದ ಇದನ್ನೇ ಹಚ್ಚುತ್ತ ಬಂದಿದ್ದಾನಂತೆ, ಒಂದು ಎತ್ತೂ ಸತ್ತಿಲ್ಲವಂತೆ. ಕರಿ ಹೇಂಟೆಯ ಪಾಠ ನನಗೆ ನೆನಪಿತ್ತು.

"ಮೊದಲ ಒಂದೀಟು ನೀ ಬಾಯಾಗ ಇಟ್ಕೊ," ಎಂದೆ.

"ನಾ ಯಾಕ್ರಿ ಅವ್ವಾರ?"

"ಇದು ಹುಂಜದ ಹೊಟ್ಟಿಗಿ ಹೋಗತೈತಿ. ನಿನ್ನ ಹೊಟ್ಟಿಗಿ ಹೋದ್ರ ಏನ ಆಗತೈತಿ ನೋಡೂನು."

ಅವನು ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, ಬಹಳ ವಿಚಾರ ಮಾಡಿದ. "ಅವ್ವಾರ, ನಮ್ಮ ಎತ್ತು ತನ್ನ ಹೆಗಲ ತಾನ ನೆಕ್ಕಿದ್ದು ಎಂದಾರ ನೋಡೀರೇನ್ರಿ? ನಾಲಗಿ ಅಲ್ಲಿ ಮುಟ್ಟೂದಿಲ್ಲ. ಅದಕ ಬದಕ್ಯಾವ ಅಂತ ಕಾಣತೈತಿ," ಎಂದು ಹೇಳಿ ಹಾಳೆ ಮಡಿಚಿಕೊಂಡು ಹೋದ.

ಆದರೂ ಅವನಿಂದ ನನಗೊಂದು ಲಾಭವಾಯಿತು. ಕೊಟ್ಟಿಗೆಗೆ ಹೋಗಿ ಎತ್ತಿನ ಹೆಗಲು ನೋಡಿದೆ. ಹುಣ್ಣಿನ ಕೆಂಪು ಎಲ್ಲೂ ಕಾಣುತ್ತಿರಲಿಲ್ಲ. ಹಂದರದ ಮೇಲೆ ಕೂತ ಕಾಗೆಗಳು ಉಳಿದ ಎತ್ತುಗಳ ಹುಣ್ಣಿಗೆ ಹಾರುತ್ತಿದ್ದವೇ ಹೊರತು ಆ ಕರಿ ಹೆಗಲಿನ ಹತ್ತಿರ ಬರುತ್ತಿರಲಿಲ್ಲ. ಹಾಗಾದರೆ ಬೇಕಾದದ್ದು ಇಷ್ಟು: ಕೆಂಪು ಮುಚ್ಚಲು ಕರಿ ಇರಬೇಕು, ಕುಕ್ಕದಂತೆ ಕಹಿ ಇರಬೇಕು, ತಿಂದರೆ ಸಾಯಬಾರದು. ಕಹಿಗೆ ಬೇವಿನ ಎಣ್ಣೆ ಇತ್ತು. ನಾಲಗೆಯ ಮೇಲೆ ಒಂದು ಹನಿ ಇಟ್ಟುಕೊಂಡು ವಹಿಯಲ್ಲಿ ಬರೆದೆ: "ಎರಡು ದಿನ ಅನ್ನವೂ ಕಹಿ, ಚಹಾವೂ ಕಹಿ. ಜೀವಕ್ಕೆ ತೊಂದರೆ ಇಲ್ಲ."

ಕಪ್ಪು ಎಲ್ಲಿಂದ ತರುವುದು? ತಿಂದರೂ ಚಿಂತೆಯಿಲ್ಲದ ಕಪ್ಪು ಮನೆಯಲ್ಲಿ ಒಂದೇ ಇತ್ತು. ಹರಳೆಣ್ಣೆಯ ದೀಪಕ್ಕೆ ತಾಟು ಬೋರಲು ಹಿಡಿದು ಅತ್ತೆ ಕೂಡಿಸಿದ್ದ ಕೂಸಿನ ಕಾಡಿಗೆ. ಕೂಸು ಅದನ್ನು ದಿನಾ ಕಣ್ಣಿಂದ ಒರೆಸಿಕೊಂಡು ಕೈ ಚೀಪುತ್ತಿತ್ತು. ಕೇಳಿದೆ.

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡರು. "ಕೂಸಿನ ಕಾಡಿಗಿ ಕೋಳಿಗಿ ಹಚ್ಚತೀಯೇನ?"

ಆಮೇಲೆ ಅವರೇ ಕೂಸಿನ ಕಡೆ ಒಮ್ಮೆ ನೋಡಿ, ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. "ಹಚ್ಚು. ಅದೂ ಕೂಸಿನ ಸಲುವಾಗೇ ಐತಿ."

ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನಿಂದ ಗಾಯ ತೊಳೆಯುವುದು, ಒರೆಸುವುದು, ಮೇಲೆ ಬೇವಿನೆಣ್ಣೆಯಲ್ಲಿ ಕಲಸಿದ ಕಾಡಿಗೆ ಹಚ್ಚುವುದು. ದಿನಕ್ಕೆರಡು ಸಲ. ಮೊದಲ ದಿನವೇ ಹಿತ್ತಲಿಗೆ ಬಿಟ್ಟು ನೋಡಿದೆ. ಹೇಂಟೆಗಳು ಬಂದವು, ಕತ್ತು ವಾರೆ ಮಾಡಿ ನೋಡಿದವು, ಒಂದು ಕುಕ್ಕಿತು, ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡು ಹೋಯಿತು. ಆಮೇಲೆ ಯಾವುದೂ ಬರಲಿಲ್ಲ. ನೊಣವೂ ಕೂಡಲಿಲ್ಲ. ಹತ್ತು ದಿನಕ್ಕೆ ಗಾಯ ಮುಚ್ಚಿ ಹಕ್ಕಳೆ ಕಟ್ಟಿತು.

ಹುಂಜಕ್ಕೂ ನಾನು ಶಿಸ್ತು ಕಲಿಸಿದೆ. ಮೊದಮೊದಲು ನೀರು ಬಿದ್ದ ಕೂಡಲೇ ಮೈ ಕೊಡವಿ ಝಾಡಿಸಿ ನನ್ನ ಸೀರೆಯನ್ನೆಲ್ಲ ಕರಿ ಮಾಡುತ್ತಿತ್ತು. ಝಾಡಿಸಿದರೆ ಏನೂ ಇಲ್ಲ, ಸುಮ್ಮನೆ ನಿಂತರೆ ಔಷಧ ಮುಗಿದ ಮೇಲೆ ನೆನೆದ ಜೋಳ ಒಂದು ಹಿಡಿ. ಎರಡು ವಾರದಲ್ಲಿ ಕಲಿತಿತು. ಮೈ ಮೇಲೆ ನೀರು ಬಿದ್ದ ಕೂಡಲೇ ಎಡ ರೆಕ್ಕೆಯನ್ನು ತಾನೇ ಎತ್ತಿ, ಕಣ್ಣು ಮುಚ್ಚಿ, ಕಲ್ಲಿನ ಹಾಗೆ ನಿಲ್ಲುವುದು. ಜೋಳ ತಿಂದ ಮೇಲೆ ಮಾತ್ರ ಒಮ್ಮೆ ಮೈತುಂಬ ಝಾಡಿಸುವುದು. ಗಾಯ ಮಾಯ್ದ ಮೇಲೂ ಪುಕ್ಕ ಬರಲೆಂದು ನಾನು ತೊಳೆಯುವುದನ್ನು ನಿಲ್ಲಿಸಲಿಲ್ಲ. ವಹಿಯಲ್ಲಿ ಹೆಮ್ಮೆಯಿಂದ ಬರೆದಿದ್ದೇನೆ: "ರೋಗಿ ಪೂರ್ಣ ಸಹಕಾರ ಕೊಡುತ್ತಿದೆ."

ಹುಂಜದ ಬೆನ್ನ ಮೇಲಿನ ಕಪ್ಪನ್ನು ನೋಡಿದ ಓಣಿಯ ಹೆಂಗಸರು ಅದು ದೃಷ್ಟಿಯ ಬೊಟ್ಟೆಂದು ತಿಳಿದರು. ಅಲ್ಲವೆಂದು ನಾನು ಹೇಳಿದೆ. ಓದಿದವಳು ಇಂಥದನ್ನು ಒಪ್ಪಿಕೊಳ್ಳುವುದಿಲ್ಲ, ಗುಟ್ಟಾಗಿ ಮಾಡುತ್ತಾಳೆ ಎಂದು ತೀರ್ಮಾನಿಸಿದರು. ಶ್ರಾವಣ ಮುಗಿಯುವಷ್ಟರಲ್ಲಿ ನಮ್ಮ ಓಣಿಯ ಎಲ್ಲ ಕೋಳಿಗಳೂ ಕಾಡಿಗೆ ಹಚ್ಚಿಕೊಂಡು, ಬೀಗರ ಮನೆಗೆ ಹೊರಟ ಹಾಗೆ ಓಡಾಡುತ್ತಿದ್ದವು.

೬. ತಾಯಿಯ ಕಟ್ಟೆಯ ಮುಂದೆ

ಕೂಸಿಗೆ ವರ್ಷ ತುಂಬಿತು. ಶೀಗಿ ಹುಣ್ಣಿಮೆ ಕಳೆದ ಮಂಗಳವಾರ ಎಲ್ಲರೂ ಊರ ಹೊರಗಿನ ಕಟ್ಟೆಗೆ ಹೋದೆವು. ಹನ್ನೂರಿನಿಂದ, ವಾಗದರಿಯಿಂದ ಬಂಧುಗಳು ಗಾಡಿ ಕಟ್ಟಿಕೊಂಡು ಬಂದಿದ್ದರು. ಒಲೆ ಹೂಡಿ, ಮಸಾಲೆ ಅರೆದಿಟ್ಟಿದ್ದರು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಅವರಿಗೆ ಹಬ್ಬದ ಹೋಳಿಗೆಗಿಂತ ಕೋಳಿ ಸಾರು ಹೆಚ್ಚು. ಮನೆಯಲ್ಲಿ ಯಾವಾಗ ಕೋಳಿ ಮಾಡಿದರೂ ಕಾಲಿನ ತುಂಡು ಅವರದೇ, ಎಲುಬನ್ನು ಚೀಪಿ ಬಿಳಿ ಮಾಡಿದ ಮೇಲೆಯೇ ಕೆಳಗಿಡುವರು. ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡು ಈ ಮನೆ ನಡೆಸಿದ ಅವರು ತಮಗೆಂದು ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದು ಅದೊಂದನ್ನೇ.

ಪೂಜಾರಿ ಹುಂಜವನ್ನು ಎತ್ತಿ, ತಿರುಗಿಸಿ, ರೆಕ್ಕೆ ಬಿಡಿಸಿ ನೋಡಿದ. ಗಾಯದ ಗುರುತು ಸಿಗಲಿಲ್ಲ. ಊನ ಇಲ್ಲ ಎಂದ. ನನಗೆ ಪುಣೆಯಲ್ಲಿ ಪದವಿ ಕೊಟ್ಟ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ನಮ್ಮ ಕಡೆಯ ಪದ್ಧತಿ ಹೀಗೆ: ಹುಂಜದ ಮೈ ಮೇಲೆ ನೀರು ಹಾಕುತ್ತಾರೆ. ಅದು ಮೈ ಝಾಡಿಸಿದರೆ ತಾಯಿ ಒಪ್ಪಿದಳು ಎಂದು ಅರ್ಥ. ಝಾಡಿಸದಿದ್ದರೆ ಅವಳ ಮನಸ್ಸಿನಲ್ಲಿ ಏನೋ ಇದೆ ಎಂದು. ಅಲ್ಲಿಯ ತನಕ ಕತ್ತಿ ಎತ್ತುವಂತಿಲ್ಲ. ಈ ಪದ್ಧತಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲ್ಕು ತಿಂಗಳು ದಿನಕ್ಕೆರಡು ಸಲ ಹುಂಜ ತೊಳೆಯುವಾಗ ಒಮ್ಮೆಯಾದರೂ ನೆನಪಾಗಬೇಕಿತ್ತು. ಆಗಿರಲಿಲ್ಲ.

ಪೂಜಾರಿ ತಂಬಿಗೆಯಿಂದ ನೀರು ಹಾಕಿದ. ಹುಂಜ ಎಡ ರೆಕ್ಕೆ ಎತ್ತಿತು. ಕಣ್ಣು ಮುಚ್ಚಿತು. ನಿಂತಿತು.

ಎರಡನೆಯ ತಂಬಿಗೆ ಹಾಕಿದ. ರೆಕ್ಕೆ ಇನ್ನಷ್ಟು ಮೇಲೆ ಹೋಯಿತು. ನಲವತ್ತು ವರ್ಷ ಪೂಜೆ ಮಾಡಿದ್ದೇನೆ, ಇಂಥದನ್ನು ಕಂಡಿಲ್ಲ ಎಂದ. ವಾಗದರಿಯ ಬಂಧುವೊಬ್ಬರು ಅದು ತಾಯಿಗೆ ಕೈ ಎತ್ತಿ ಮುಗಿಯುತ್ತಿದೆ ಎಂದರು. ಹನ್ನೂರಿನವರು ಒಂದೇ ಕೈಯಿಂದ ಯಾರು ಮುಗಿಯುತ್ತಾರೆ ಎಂದರು. ಕೊಡ ತಂದರು. ಕೊಡ ಮುಗಿಯಿತು. ಬಾವಿಗೆ ಹೋಗಿ ಮತ್ತೆ ತಂದರು. ಬಿಸಿಲು ನೆತ್ತಿಗೆ ಬಂತು. ಕಟ್ಟೆಯ ಮುಂದೆ ಕೆಸರಾಯಿತು. ಹುಂಜ ನಡುನಡುವೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿ, ನಾನಿನ್ನೂ ಔಷಧ ತಂದಿಲ್ಲವೆಂದು ಮತ್ತೆ ಮುಚ್ಚುತ್ತಿತ್ತು.

ಅತ್ತೆಯ ಮುಖ ನೋಡಿದೆ. ಬಣ್ಣ ಇಳಿದಿತ್ತು. ಕೂಸನ್ನು ಎದೆಗೆ ಅವಚಿ ಹಿಡಿದುಕೊಂಡಿದ್ದರು. ಅವರಿಗೆ ಹುಂಜ ಕಾಣುತ್ತಿರಲಿಲ್ಲ, ಹೋದ ಎರಡು ಕೂಸುಗಳು ಕಾಣುತ್ತಿದ್ದವು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಅತ್ಯಾರ, ತಾಯಿ ಬ್ಯಾಡ ಅಂದಿಲ್ರಿ. ಇದು ನನ್ನ ತಪ್ಪು. ನೀರ ಹಾಕಿದ್ರ ಝಾಡಸಬಾರದು ಅಂತ ಅದಕ ನಾನ ಕಲಿಸೀನಿ."

ಅವರು ನನ್ನ ಕಡೆ ತಿರುಗಿದರು. "ಕಲಿಸೀದಿ?"

"ಹೌದ್ರಿ."

"ಹಂಗಾರ ಈಗ ಬಿಡಸು."

"ನಾಕ ತಿಂಗಳದ್ದು ಒಂದ ಮುಂಜಾನ್ಯಾಗ ಬಿಡಸಾಕ ಬರೂದಿಲ್ರಿ."

ಪೂಜಾರಿ ಕೇಳಿಸಿಕೊಂಡ. ಯಾರು ಕಲಿಸಿದರೇನು, ಝಾಡಿಸದೆ ಕತ್ತಿ ಎತ್ತುವುದಿಲ್ಲ ಎಂದ. ಹರಕೆ ಹಾಗೇ ಉಳಿಸಿಕೊಂಡು ಮನೆಗೆ ಹೋಗುವಂತೆಯೂ ಇಲ್ಲ. ಅತ್ತೆ ಕೂಸನ್ನು ನನ್ನ ಕೈಗೆ ಕೊಟ್ಟು, ಕೆಸರಿನಲ್ಲೇ ಹೊಸ ಸೀರೆಯಲ್ಲಿ ಮೊಣಕಾಲೂರಿದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಯವ್ವಾ, ನಿನಗ ಕೊಡತೀನಿ ಅಂದದ್ದು ಈ ಹುಡುಗಿ ಕೈಯಾಗ ಕೆಟ್ಟೈತಿ. ಅದರ ಬದಲಿ ನನ್ನ ಬಾಯಿ ತಗೋ. ಇವತ್ತಿಂದ ಸಾಯೂತನ ನಾ ಕೋಳಿ ಬಾಯಾಗ ಇಡೂದಿಲ್ಲ. ಕೂಸನ್ನ ಕಾಯಿ."

ಕೂಸು ಒಂದು ಕೈಯಲ್ಲಿತ್ತು, ಇನ್ನೊಂದು ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಭ್ಯಾಸದಿಂದ ಸೆರಗಿನ ತುದಿ ಬಿಚ್ಚಿ, ಮುಂಜಾನೆ ಕಟ್ಟಿಕೊಂಡಿದ್ದ ನೆನೆದ ಜೋಳವನ್ನು ಹುಂಜದ ಮುಂದೆ ಹಾಕಿದೆ. ಅದು ರೆಕ್ಕೆ ಇಳಿಸಿತು. ಒಂದೊಂದೇ ಕಾಳು ತಿಂದಿತು. ಆಮೇಲೆ ಕಾಲು ಅಗಲಿಸಿ ನಿಂತು, ತಲೆಯಿಂದ ಬಾಲದ ತನಕ, ಎರಡು ಕೊಡ ನೀರು ಪೂಜಾರಿಯ ಮೈ ಮೇಲೆಲ್ಲ ಸಿಡಿಯುವ ಹಾಗೆ ಝಾಡಿಸಿತು.

ಪೂಜಾರಿ ಸಂತೋಷದಿಂದ ಕತ್ತಿ ಎತ್ತಿದ. ಒಲೆಯ ಹತ್ತಿರ ಕೂತಿದ್ದ ಬಂಧುಗಳು ಎದ್ದು ನಿಂತರು. ಅತ್ತೆ ಕೈ ಅಡ್ಡ ಹಿಡಿದರು.

"ಕತ್ತಿ ಕೆಳಗ ಇಡು. ಅದು ಝಾಡಿಸಿದ್ದು ನನ್ನ ಮಾತು ಮುಗದ ಮ್ಯಾಲೆ. ತಾಯಿ ಒಪ್ಪಿದ್ದು ನನ್ನ ಮಾತು, ಹುಂಜ ಅಲ್ಲ."

ಪೂಜಾರಿ ಕತ್ತಿ ಕೆಳಗಿಟ್ಟ. ಅತ್ತೆಯ ಮಾತಿಗೆ ಉತ್ತರ ನನ್ನ ಹತ್ತಿರ ಇತ್ತು. ಅದು ಝಾಡಿಸಿದ್ದು ಜೋಳ ತಿಂದದ್ದಕ್ಕೆ. ವಹಿಯಲ್ಲಿ ಎಲ್ಲ ಬರೆದಿಡುವ ನಾನು ಆ ಒಂದು ಮಾತನ್ನು ಅಲ್ಲಿ ಆಡಲಿಲ್ಲ, ಮನೆಗೆ ಬಂದು ಬರೆಯಲೂ ಇಲ್ಲ. ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಅಂದು ಮಸಾಲೆಗೆ ಕುಂಬಳಕಾಯಿ ಹಾಕಿ ಸಾರು ಮಾಡಿದರು. ಹನ್ನೂರಿನ ಬಂಧುಗಳು ಮುಂದೆ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ.

ಒಟ್ಟು ಖರ್ಚು ಹೀಗೆ. ಒಂದು ಕರಿ ಹೇಂಟೆ. ಕೆಂಪು ಔಷಧದ ಒಂದು ಸೀಸೆ, ಅದರಲ್ಲಿ ಮುಕ್ಕಾಲು ಹಾಗೇ ಉಳಿಯಿತು. ಕಾರ್ಬಾಲಿಕ್ ಮುಲಾಮಿನ ಒಂದು ಡಬ್ಬಿ, ಅದನ್ನು ಮಾಲೀಕರಿಗೆ ತಿರುಗಿ ಕೊಟ್ಟೆವು. ತುಪ್ಪ ಎರಡು ಸೇರು. ಕೂಸಿನ ಕಾಡಿಗೆ ಒಂದು ಡಬ್ಬಿ. ಅತ್ತೆಯ ಹೊಸ ಇಳಕಲ್ ಸೀರೆ ಒಂದು, ಕೆಸರಿನ ಕಲೆ ಹೋಗಲಿಲ್ಲ. ಹುಂಜ ಐದು ವರ್ಷ ಬದುಕಿತು. ಮಳೆ ಬಂದಾಗಲೆಲ್ಲ ಅಂಗಳದ ನಡುವೆ ಎಡ ರೆಕ್ಕೆ ಎತ್ತಿ ನಿಲ್ಲುತ್ತಿತ್ತು. ಅತ್ತೆ ಒಂಬತ್ತು ವರ್ಷ ಬದುಕಿದರು, ಕೋಳಿ ಮುಟ್ಟಲಿಲ್ಲ. ಮನೆಯಲ್ಲಿ ಕೋಳಿ ಮಾಡಿದ ದಿನ ಎದ್ದು ಹೋಗಿ ಹಿತ್ತಲ ಕಟ್ಟೆಯ ಮೇಲೆ, ಗಾಳಿ ಆ ಕಡೆ ಬೀಸದ ಜಾಗದಲ್ಲಿ, ರೊಟ್ಟಿ ಪಲ್ಯ ಹಿಡಿದುಕೊಂಡು ಕೂಡುತ್ತಿದ್ದರು. ಕೂಸಿಗೆ ಏನೂ ಆಗಲಿಲ್ಲ.